ಹೊಟ್ಟೆ ತುಂಬದ ಕೌದಿ

ಮುರಿಗೆಪ್ಪ ಬಿಯರು ಮಾಡಲು ಕಲಿತದ್ದು ನಿವೃತ್ತಿಯಾದ ಮೇಲೆ. ಕುಡಿಯುವ ಚಟಕ್ಕಲ್ಲ, ವಾರಕ್ಕೊಂದು ಗ್ಲಾಸು ಇಳಿದರೆ ಹೆಚ್ಚು. ಮೂವತ್ತು ವರ್ಷ ಪರದೇಶದ ಈ ಮಾಲ್ಟನ್ ಊರಿನ ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗ ಕಡೆದ ಕೈಗೆ ಸುಮ್ಮನಿರಲು ಬರುತ್ತಿರಲಿಲ್ಲ, ಅಷ್ಟೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚು ಮಾಡಿ ಬಿಸಿನೀರಲ್ಲಿ ನೆನೆಹಾಕಿದರೆ ಕಾಳಿನ ಹಿಟ್ಟು ಸಿಹಿಯಾಗುತ್ತದೆ. ಆ ಸಿಹಿನೀರೇ ಮುಂದೆ ಹುದುಗಿ ಬಿಯರಾಗುವುದು. ಇಷ್ಟು ಕಾಲ ಅದನ್ನು ಒಲೆಯ ಮೇಲಿಟ್ಟು, ಮೂರು ಹದದಲ್ಲಿ ಕಾಸುತ್ತ, ಅರ್ಧ ದಿನ ಸೌಟು ತಿರುವುತ್ತ ನಿಲ್ಲುತ್ತಿದ್ದ. ಮುರಿಗೆಪ್ಪ ಬಾಣಂತಿಗೆ ಅಂಬಲಿ ಕಾಸಿದ ಹಾಗೆ ಕಾಸುತ್ತಾನೆ ಎಂದು ಗೆಳೆಯ ನಿಜಲಿಂಗಪ್ಪ ಕನ್ನಡ ಸಂಘದಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದ.

ಆ ನಿಜಲಿಂಗಪ್ಪನೇ 2001ರ ನವೆಂಬರಿನಲ್ಲಿ ಇಂಟರ್‌ನೆಟ್ಟಿನಿಂದ ಒಂದು ಹಾಳೆ ಪ್ರಿಂಟು ತೆಗೆದು ತಂದುಕೊಟ್ಟ. ಸುಲಭದ ದಾರಿ. ಪಿಕ್ನಿಕ್ಕಿಗೆ ಒಯ್ಯುವ ಕೂಲರ್ ಡಬ್ಬಿಗೆ ನುಚ್ಚು ಹಾಕಿ, ಬಿಸಿನೀರು ಒಂದೇ ಸಲ ಸುರಿದು, ಅರವತ್ತಾರು ಡಿಗ್ರಿ ನೋಡಿಕೊಂಡು ಮುಚ್ಚುವುದು. ಮೇಲೊಂದು ಹಳೆಯ ಕಂಬಳಿ ಸುತ್ತಿ ತಾಸು ಹೊತ್ತು ಬಿಡುವುದು. ನಡುವೆ ತೆಗೆಯಬಾರದು. ಒಂದೆರಡು ಡಿಗ್ರಿ ಇಳಿದರೆ ಚಿಂತೆಯಿಲ್ಲ.

ಶನಿವಾರ ಮಧ್ಯಾಹ್ನ ಹೆಂಡತಿ ಪಾರ್ವತೆವ್ವ ಎರಿನ್ ಮಿಲ್ಸಿನ ಶಾಪಿಂಗ್ ಮಾಲಿಗೆ ಹೋಗಿದ್ದಳು. ಬೇಸ್‌ಮೆಂಟಿನಲ್ಲಿ ಕೈ ಜೋಮು ಹಿಡಿಯುವ ಥಂಡಿ. ನೀರು ಸುರಿದು ಮುಚ್ಚಳ ಹಾಕಿದ ಮೇಲೆ ಮುರಿಗೆಪ್ಪನಿಗೆ ಕಂಬಳಿ ನೆನಪಾಯಿತು. ಮಹಡಿಯಲ್ಲಿದ್ದವು ಅವಳ ಶುಭ್ರ ಹೊದಿಕೆಗಳು, ಮುಟ್ಟುವಂತಿಲ್ಲ. ಮೂಲೆಯಲ್ಲಿದ್ದ ತಗಡಿನ ಟ್ರಂಕು ತೆಗೆದು ತಳಕ್ಕೆ ಕೈ ಹಾಕಿದ. ಕೈಗೆ ಬಂದದ್ದು ಕೌದಿ. ಕೆಂಪು ಅಂಚು ಕಂಡಾಗಲೇ ಯಾವುದೆಂದು ತಿಳಿಯಿತು. ಮತ್ತೆ ಒಳಗೇ ಇಡಬೇಕಿತ್ತು. ಡಬ್ಬಿಯೊಳಗೆ ನೀರು ಆರುತ್ತಿದೆ ಎಂಬ ಅವಸರಕ್ಕೆ, ಮೂವತ್ತು ವರ್ಷ ಸುಮ್ಮನೆ ಬಿದ್ದ ಅರಿವೆ ತಾನೇ ಎಂದು ಡಬ್ಬಿಗೆ ಸುತ್ತಿ ಹುರಿ ಬಿಗಿದ.

ಆ ಕೌದಿಯನ್ನು ಅತ್ತೆ ನಿಂಗವ್ವ ಹಳೆಯ ಸೀರೆಗಳಿಂದ ಹೊಲಿದು, ಮಗಳ ಚೊಚ್ಚಲ ಕೂಸಿಗೆಂದು ಧಾರವಾಡದ ಕಡೆಯಿಂದ ಹಡಗಿನ ಪಾರ್ಸಲ್ಲಿನಲ್ಲಿ ಕಳಿಸಿದ್ದಳು. ಒಂದು ಮೂಲೆ ಬಿಚ್ಚಿಯೇ ಇತ್ತು. ಅವರ ಮನೆತನದ ರೂಢಿ ಹಾಗೆ: ಕೂಸು ಹುಟ್ಟಿದ ಮೇಲೆ ಆ ಮೂಲೆಗೆ ಒಂದು ಮುಷ್ಟಿ ಜೋಳ ತುಂಬಿ, ಕೂಸಿನ ಹೆಸರು ಕರೆದು ಹೊಲಿಯಬೇಕು. ಖಾಲಿ ಹೊಟ್ಟೆಯ ಕೌದಿ ಹಸಿದಿರುತ್ತದೆ ಎಂದು ಕಾಗದದಲ್ಲಿ ಬರೆಸಿದ್ದಳು. ಕೂಸು ಏಳನೆಯ ತಿಂಗಳಿಗೇ ಹುಟ್ಟಿತು, ಹೆಣ್ಣು. ಮೂರು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟರು. ಕೌದಿಯನ್ನು ಒಳಗೆ ಬಿಡಲಿಲ್ಲ. ನಾಲ್ಕನೆಯ ದಿನ ಪೆಟ್ಟಿಗೆ ಆರಿಸಿದರು. ಹೆಸರೂ ಇಟ್ಟಿರಲಿಲ್ಲ. ಆಮೇಲೆ ಎಂಟು ತಿಂಗಳು ಪಾರ್ವತೆವ್ವ ಒಂದು ಮಾತೂ ಆಡಲಿಲ್ಲ. ಅವಳನ್ನು ಒಂದೊಂದೇ ಮಾತಿನಿಂದ ಈಚೆಗೆ ಎಳೆದುಕೊಂಡವನು ಮುರಿಗೆಪ್ಪ. ಇನ್ನೊಮ್ಮೆ ಹೋದರೆ ಎಳೆಯುವ ಕಸುವು ತನಗಿಲ್ಲವೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ಆ ಟ್ರಂಕನ್ನು ಇಬ್ಬರೂ ಮುಟ್ಟುತ್ತಿರಲಿಲ್ಲ.

ತಾಸಿನ ಮೇಲೆ ಮುಚ್ಚಳ ತೆಗೆದ. ಥರ್ಮಾಮೀಟರು ಅರವತ್ತಾರು. ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಖುಷಿಯಾಯಿತು. ಆದರೆ ಪರಿಮಳವಿಲ್ಲ. ಡಬ್ಬಿಯ ಬುಡದ ನಲ್ಲಿ ತಿರುವಿದರೆ ಜೇನುಬಣ್ಣ ಬರಬೇಕಾದಲ್ಲಿ ತಿಳಿನೀರು ಬಂತು. ನಾಲಗೆಗಿಟ್ಟರೆ ಬರೀ ಬಿಸಿನೀರು. ನುಚ್ಚು ಹಿಡಿದು ಹಿಚುಕಿದ. ಹಿಟ್ಟೇ ಇಲ್ಲ, ಹೊಟ್ಟು ಮಾತ್ರ. ನಾಲ್ಕೂವರೆ ಕಿಲೋ ಕಾಳಿನ ಸಾರವನ್ನು ಯಾರೋ ಚಪ್ಪರಿಸಿ ಹೀರಿಬಿಟ್ಟ ಹಾಗಿತ್ತು. ಫೋನು ಮಾಡಿದಾಗ ನಿಜಲಿಂಗಪ್ಪ, ಮುಗ್ಗಿದ ಕಾಳು ತಂದಿರಬೇಕು ಎಂದು ನಕ್ಕ. ಆದರೆ ಬೆಳಿಗ್ಗೆ ಅದೇ ಕಾಳನ್ನು ಮುರಿಗೆಪ್ಪ ಜಗಿದು ನೋಡಿದ್ದ. ಸಿಹಿಯಾಗಿತ್ತು.

ಕೌದಿ ಮಡಚಿಡೋಣವೆಂದು ಎತ್ತಿದ. ಒಂದು ಹನಿ ತೇವವಿಲ್ಲ, ಆದರೂ ಭಾರವಾಗಿತ್ತು. ಡಬ್ಬಿಯಿಂದ ದೂರ ತಂದರೂ ಬಿಸಿ ಹಾಗೇ ಇತ್ತು; ಡಬ್ಬಿಯ ಸುಡುವ ಬಿಸಿಯಲ್ಲ, ಮೈಬಿಸಿ. ಮೆಟ್ಟಿಲಿನತ್ತ ತಿರುಗಿದಾಗಲೇ ಅವನಿಗೆ ಅರಿವಾದದ್ದು, ತಾನದನ್ನು ಎಡತೋಳಿನ ಮೇಲೆ ಮಲಗಿಸಿಕೊಂಡು ಬಲಗೈಯನ್ನು ತಲೆಯ ಜಾಗಕ್ಕೆ ಆನಿಸಿದ್ದೇನೆ ಎಂದು.

ಮೆಟ್ಟಿಲ ಮೇಲೆ ಪಾರ್ವತೆವ್ವ ನಿಂತಿದ್ದಳು. ಕೋಟಿನ ಮೇಲೆ ಹಿಮ ಇನ್ನೂ ಕರಗಿರಲಿಲ್ಲ. ಅವಳು ಚೀರಬಹುದೆಂದು, ಅದಕ್ಕಿಂತ ಹೆಚ್ಚಾಗಿ ಮತ್ತೆ ಮಾತು ಬಿಡಬಹುದೆಂದು ಅವನು ಹೆದರಿದ. ಅವಳು ಇಳಿದು ಬಂದು ಕೌದಿಯನ್ನು ತನ್ನ ತೋಳಿಗೆ ತೆಗೆದುಕೊಂಡಳು. ಹೊಲಿಯದ ಮೂಲೆಯೊಳಗೆ ಕಿರುಬೆರಳು ತೂರಿಸಿ ಸ್ವಲ್ಪ ಹೊತ್ತು ಹಾಗೇ ಇಟ್ಟಳು. ಬೆರಳು ಈಚೆ ತೆಗೆದಾಗ ಅದರ ತುದಿ ಒದ್ದೆಯಾಗಿತ್ತು. ಮುರಿಗೆಪ್ಪ ಅತ್ತ ನೋಡಲಿಲ್ಲ.

"ಏನ ಹಾಕಿದ್ರಿ ಇದಕ್ಕ?" ಎಂದಳು.

ಅವನು ಡಬ್ಬಿ ತೋರಿಸಿ ಎಲ್ಲ ಹೇಳಿದ. ಹೇಳಿ ಮುಗಿಸಿ ಅಡುಗೆಮನೆಗೆ ಓಡಿ, ರೊಟ್ಟಿಯ ಜೋಳದಲ್ಲಿ ಒಂದು ಮುಷ್ಟಿ, ಸೂಜಿ, ದಾರ ತಂದ. ನಿಂತಲ್ಲೇ ದಾರ ಪೋಣಿಸಿದ.

"ಇವತ್ತರ ಈ ಮೂಲಿ ಹೊಲದಬಿಡು ಪಾರೂ. ಒಂದ ಹೆಸರ ಇಟ್ಟು ಕಳಿಸಿಬಿಡೂಣು."

ಅವಳು ಸೂಜಿಯನ್ನು ನೋಡಿದಳು, ಕೌದಿಯನ್ನು ನೋಡಿದಳು. ಹತ್ತಿರದ ನಿಲ್ದಾಣಕ್ಕಿಳಿಯುವ ವಿಮಾನವೊಂದು ಮನೆ ಅದುರಿಸುತ್ತ ಮೇಲೆ ಹಾದುಹೋಯಿತು. ಅವಳು ಕೌದಿಯ ಮೇಲ್ತುದಿಗೆ ಅಂಗೈ ಮುಚ್ಚಿ ಸದ್ದು ಹೋಗುವವರೆಗೆ ತೂಗಿದಳು.

"ಹೊಲದ್ರ ತಣ್ಣಗಾಗ್ತದರಿ," ಎಂದಳು. ಆಮೇಲೆ ಬಾಗಿಲ ಬಳಿಯ ಬಾರ್ಲಿ ಚೀಲದತ್ತ ಗದ್ದ ತಿರುಗಿಸಿದಳು. "ಇನ್ನೂ ಅದ ಅಲ್ಲ? ನೀರ ಕಾಸ್ರಿ."

ಮುರಿಗೆಪ್ಪ ನೀರು ಕಾಸಿದ.

ಈಗ ಐದು ವರ್ಷವಾಯಿತು, ಒಂದು ಶನಿವಾರವೂ ತಪ್ಪಿಲ್ಲ. ಪಾರ್ವತೆವ್ವ ಚೆನ್ನಾಗಿದ್ದಾಳೆ; ಅವಳು ಇಷ್ಟು ಮಾತಾಡುವುದನ್ನು ಜನ ಹಿಂದೆ ಕಂಡಿರಲಿಲ್ಲ. ಆದರೆ ಶನಿವಾರ ಮಧ್ಯಾಹ್ನ ಯಾರ ಮನೆಗೂ ಹೋಗುವುದಿಲ್ಲ, ಯಾರನ್ನೂ ಕರೆಯುವುದಿಲ್ಲ. ಚೀಲಗಟ್ಟಲೆ ಕಾಳು ತರುವ ಮುರಿಗೆಪ್ಪನ ಬಿಯರನ್ನು ಒಬ್ಬರೂ ರುಚಿ ನೋಡಿಲ್ಲವೆಂದು, ಅಷ್ಟನ್ನೂ ತಾನೇ ಕುಡಿಯುತ್ತಾನೆಂದು ನಿಜಲಿಂಗಪ್ಪ ಸಂಘದಲ್ಲಿ ಹಂಗಿಸುತ್ತಾನೆ. ಮುರಿಗೆಪ್ಪನೂ ಜೊತೆಗೆ ನಗುತ್ತಾನೆ. ದಾರ ಪೋಣಿಸಿದ ಆ ಸೂಜಿ ಅವನ ಅಂಗಿಯ ಕಾಲರಿನ ಹಿಂದೆ ಚುಚ್ಚಿಯೇ ಇರುತ್ತದೆ; ಅಂಗಿ ಬದಲಿಸುವಾಗ ಸೂಜಿಯನ್ನೂ ಬದಲಿಸಿಕೊಳ್ಳುತ್ತಾನೆ.

ಮೊನ್ನೆಯ ಶನಿವಾರ ಪಾರ್ವತೆವ್ವ ಕೌದಿಯನ್ನು ಎತ್ತಲು ಹೋಗಿ, ಆಗದೆ, ಅವನನ್ನು ಕರೆದಳು. ಇಬ್ಬರೂ ಸೇರಿ ಎತ್ತಿದರು.