ಸ್ವಿಚ್ಚು ಕೊನೆಯ ಮನೆಯಲ್ಲಿರಲಿ

ಬೀದಿಯ ಕೊನೆಯ ಮನೆಯಲ್ಲಿ ತರಕಾರಿ ಸಸಿಗಳನ್ನು ಬೆಳೆಸಿ ಮಾರುವ ಹೆಂಗಸು ನಲ್ಲಿ ತಿರುಗಿಸಿದಳು. ಬುಸುಗುಟ್ಟಿದ ಗಾಳಿಯ ಹೊರತು ಏನೂ ಬರಲಿಲ್ಲ. ಅಂಗಳದಲ್ಲಿ ಎಳೆಯ ಟೊಮೇಟೊ ಸಸಿಗಳು ಜೋತುಬಿದ್ದಿದ್ದವು. ನಾಳೆಯೂ ನೀರಿಲ್ಲದಿದ್ದರೆ ಅಷ್ಟೂ ಸಸಿ ತಿಪ್ಪೆಗೇ. ಅತ್ತ ಬೀದಿಯ ಮೊದಲ ಮನೆಯಲ್ಲಿ ಬೇಕರಿಯವನ ತೊಟ್ಟಿ ತುಂಬಿ, ನೀರು ಚರಂಡಿಯ ಪಾಲಾಗುತ್ತಿತ್ತು.

"ಅತ್ತೆ, ನಾಳೆನೇ ಬೋರ್‌ವೆಲ್ ಕೊರೆಸ್ತೀನಿ, ಅವರಿಗೆ ಬರೋಕೆ ಹೇಳಾಯ್ತು. ಈ ಊರಬಾವಿ ಪಂಪಿನ ಸಹವಾಸ ಸಾಕು."

ಮಣ್ಣು ಜರಡಿ ಹಿಡಿಯುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. "ಕೊರೆಸು. ಅದನ್ನ ನೋಡಿ ಪಕ್ಕದವನು ಇನ್ನೂ ಆಳಕ್ಕೆ ಕೊರೆಸ್ತಾನೆ. ಅವನನ್ನ ನೋಡಿ ಆಚೆಯವನು. ಎಲ್ಲರಿಗೂ ಖರ್ಚು, ನೆಲದೊಳಗಿನ ನೀರು ಮಾತ್ರ ಅಷ್ಟೇ. ಇದು ಕೂಡೋ ಲೆಕ್ಕ ಅಲ್ಲಮ್ಮ, ಕಳೆಯೋ ಲೆಕ್ಕ."

"ಹಾಗಾದ್ರೆ ಸಸಿಗೆ ನಿಮ್ಮ ಲೆಕ್ಕಾನೇ ಕುಡಿಸ್ಲಾ?"

ಅತ್ತೆ ನಕ್ಕರು. "ನಾನು ಈ ಮನೆಗೆ ಬಂದಾಗ ಪಂಪು ಎಲ್ಲಿತ್ತು? ಕೆರೆಯಿಂದ ಕಾಲುವೇಲಿ ನೀರು ಬರ್ತಿತ್ತು. ತೂಬು ತೆಗೆಯೋ ಕೀಲಿ ಕೊನೇ ಮನೆಯವರ ಹತ್ರ. ಅಂದ್ರೆ ನಮ್ಮ ಹತ್ರ."

"ಅಷ್ಟು ನಂಬಿಕೆನಾ ನಮ್ಮ ಮೇಲೆ?"

"ನಂಬಿಕೆನೂ ಇಲ್ಲ, ಮಣ್ಣಂಗಟ್ಟೀನೂ ಇಲ್ಲ! ಎಲ್ಲರಿಗೂ ಸಿಕ್ಕಮೇಲೆ ತಾನೇ ಕೊನೆಯವರಿಗೆ ನೀರು ತಲುಪೋದು? ನಾವು ತೂಬು ಮುಚ್ಚಿದ್ರೆ ಊರಿಗೆಲ್ಲ ಸಿಕ್ಕಿದೆ ಅಂತ ಅರ್ಥ. ಪಂಪು ಬಂದಾಗ, ಬಾವಿಗೆ ಹತ್ತಿರ ಅಂತ ಸ್ವಿಚ್ಚನ್ನ ಮೊದಲ ಮನೇಲಿ ಇಟ್ವಿ. ಎಡವಿದ್ದು ಅಲ್ಲೇ."

ಸೊಸೆಗೆ ಅರೆಮನಸ್ಸು. ಕೈಯಲ್ಲಿರುವ ಸ್ವಿಚ್ಚನ್ನು ಯಾರಾದರೂ ಬಿಟ್ಟುಕೊಟ್ಟಾರೇ? ಆದರೂ ಅತ್ತೆಯ ಹಿಂದೆ ಬೇಕರಿಗೆ ನಡೆದಳು.

ಬೇಕರಿಯವನ ಕೈ ಮೊಣಕೈವರೆಗೂ ಹಿಟ್ಟಾಗಿತ್ತು. ಸ್ವಿಚ್ಚನ್ನು ಕೊನೆಯ ಮನೆಗೆ ಬಿಟ್ಟುಕೊಡುವಂತೆ ಅತ್ತೆ ಕೇಳಿದರು. "ಅಯ್ಯೋ ಅಕ್ಕ, ನನ್ನ ತೊಟ್ಟಿ ತುಳುಕಿದ್ರೆ ಎಲ್ಲರದೂ ತುಂಬ್ತು ಅಂದ್ಕೊಂಡು ಆಫ್ ಮಾಡ್ತಿದ್ದೆ! ಅದಕ್ಕೂ ಹಿಟ್ಟು ನಾದೋದು ಬಿಟ್ಟು ಓಡಬೇಕು. ಈ ಪೀಡೆ ತಗೊಂಡು ಹೋದ್ರೆ ನಿಮಗೆ ಬನ್ನು ಬಿಟ್ಟಿ!"

ಸಂಜೆ ಬೀದಿಯವರೆಲ್ಲ ಸೇರಿದರು. ತೊಟ್ಟಿ ತುಂಬಿದವರು ತಮ್ಮ ನಲ್ಲಿಯನ್ನು ತಾವೇ ಮುಚ್ಚಬೇಕೆಂದು ಒಪ್ಪಿಗೆಯಾಯಿತು. ಎಲೆಕ್ಟ್ರಿಷಿಯನ್ ತಂತಿ ಎಳೆದು ಸ್ವಿಚ್ಚನ್ನು ಕೊನೆಯ ಮನೆಯಲ್ಲಿ ಕೂರಿಸಿದ.

ಬೆಳಿಗ್ಗೆ ಸೊಸೆ ಸ್ವಿಚ್ಚು ಒತ್ತಿ ತೊಟ್ಟಿಯ ಬಳಿ ನಿಂತಳು. ಮೊದಲ ಮನೆಯಿಂದ ಶುರುವಾಗಿ ನಲ್ಲಿಗಳು ಒಂದೊಂದಾಗಿ ಮುಚ್ಚಿಕೊಂಡವು. ಪೈಪು ಕೆಮ್ಮಿತು, ನಡುಗಿತು. ಬಳಿಕ ಅವಳ ತೊಟ್ಟಿಗೆ ದಪ್ಪನೆಯ ಧಾರೆ ಬಿತ್ತು. ತೊಟ್ಟಿ ತುಂಬಿದ ಮೇಲೆ ಅವಳು ಸ್ವಿಚ್ಚು ಆರಿಸಿ, ಮೊದಲು ಸಸಿಗಳಿಗೆ ನೀರುಣಿಸಿ, ಆಮೇಲೆ ಬೋರ್‌ವೆಲ್‌ನವರಿಗೆ ಫೋನು ಮಾಡಿದಳು: "ಬರೋದು ಬೇಡಣ್ಣ. ನೀರು ಬಂತು."

ಓದುಗರೇ, ನಿಮ್ಮ ಬೀದಿಯ ನೀರಿನ ಸ್ವಿಚ್ಚು ಯಾರ ಮನೆಯಲ್ಲಿದೆ? ಹೊಸದಾಗಿ ಕೊರೆಸುವ ಮುನ್ನ ನೆರೆಯವರನ್ನು ಕೂರಿಸಿಕೊಂಡು ಮಾತನಾಡಿ. ಕೊನೆಯ ಮನೆಯವರಿಗೆ ನೀರು ತಲುಪಿತೇ ಎಂದು ಇಂದೇ ಕೇಳಿ. ಅವರಿಗೆ ತಲುಪದಿದ್ದರೆ ಅದನ್ನು ಹಂಚಿಕೆ ಎನ್ನಲಾಗದು.