ಮಲಗಿ ಎದ್ದ ನೀರು

ನಲ್ಲಿಯಿಂದ ಆಗಷ್ಟೇ ಬಂದ ನೀರಿಗೆ ತಲೆ ಕೆಟ್ಟಿರುತ್ತದೆ, ಅದನ್ನು ಒಂದು ರಾತ್ರಿ ಮಲಗಿಸಬೇಕು ಎಂದು ಅಮ್ಮ ಹೇಳುತ್ತಿದ್ದಳು. ಊರಿನ ಕೆಳಗೆಲ್ಲ ಕತ್ತಲಲ್ಲಿ ಓಡಿ ಓಡಿ, ಔಷಧಿ ಕುಡಿದು, ಯಾರ್ಯಾರೋ ತಿರುಗಿಸಿದ ಕಡೆ ತಿರುಗಿ ಬಂದ ನೀರು ಅದು. ಹಾಗೇ ಮೀನಿನ ಮೇಲೆ ಸುರಿದರೆ ಜಗಳಕ್ಕೇ ನಿಲ್ಲುತ್ತದೆ. ಅದಕ್ಕೇ ಶುಕ್ರವಾರ ಸಂಜೆ ಎರಡು ಬಕೆಟ್ ತುಂಬಿ, ಮುಚ್ಚಳ ಹಾಕದೆ, ಮಂಚದ ಪಕ್ಕ ಇಡುವುದು. ಶನಿವಾರ ಬೆಳಿಗ್ಗೆ ಅವಳ ಇಬ್ಬರು ಹೆಣ್ಣುಮಕ್ಕಳಲ್ಲಿ ಕಿರಿಯವಳು, ತಂಗಿ, ಬಂದ ಮೇಲೆ ಅಮ್ಮ ಬೆರಳು ಅದ್ದಿ ನೋಡುತ್ತಿದ್ದಳು. "ಎದ್ದಿದೆ," ಎಂದರೆ ಎದ್ದ ಹಾಗೆ. ತೊಟ್ಟಿಯ ಕಾಲುಭಾಗ ನೀರು ತೆಗೆದು, ಎದ್ದ ನೀರನ್ನು ಮೆಲ್ಲಗೆ ಹುಯ್ಯುವುದು ತಂಗಿಯ ಕೆಲಸ. ಹನ್ನೊಂದು ವರ್ಷ ಅದು ತಪ್ಪಿರಲಿಲ್ಲ.

ಆ ನೀರಿನಲ್ಲಿ ಒಂಬತ್ತು ಕೋರಿಡೋರಾಸ್ ಮೀನುಗಳಿದ್ದವು. ಹೆಬ್ಬೆರಳಿನಷ್ಟು ಉದ್ದ, ಮೈಗೆ ಕವಚ, ಬಾಯಿಯ ಸುತ್ತ ಸಣ್ಣ ಮೀಸೆ. ಬೇರೆ ಮೀನುಗಳ ಹಾಗೆ ನಡುನೀರಿನಲ್ಲಿ ಠೀವಿಯಿಂದ ತೇಲುವ ಜಾತಿಯಲ್ಲ. ಕಳೆದುಹೋದ ಉಂಗುರ ಹುಡುಕುವವರಂತೆ ದಿನವಿಡೀ ತಳದ ಮರಳಿನಲ್ಲಿ ಮೂತಿ ಊರಿಕೊಂಡು, ಗುಂಪು ಬಿಡದೆ ಓಡಾಡುತ್ತಿದ್ದವು. ಇದ್ದಕ್ಕಿದ್ದಂತೆ ಒಂದು ಬಾಣದ ಹಾಗೆ ಮೇಲಕ್ಕೆ ನೆಗೆದು, ಒಂದು ಗುಟುಕು ಗಾಳಿ ನುಂಗಿ, ತಾನಲ್ಲವೇ ಅಲ್ಲ ಎಂಬಂತೆ ಕೆಳಗೆ ಬಂದು ಸೇರಿಕೊಳ್ಳುತ್ತಿತ್ತು. ಅಮ್ಮ ಅವನ್ನು ಮೀಸೆ ಮಾವಂದಿರು ಎನ್ನುತ್ತಿದ್ದಳು. ಅದರಲ್ಲೊಬ್ಬ ತನಗೆ ಕಣ್ಣು ಹೊಡೆಯುತ್ತಾನೆ ಎಂದು ಅವಳ ವಾದ. ಕಣ್ಣಿನ ಗುಡ್ಡೆಯನ್ನು ಸರಕ್ಕನೆ ಕೆಳಗೆ ಹೊರಳಿಸುವುದು ಆ ಜಾತಿಯ ಗುಣ ಇರಬಹುದು. ಆದರೆ ಅಮ್ಮನ ಪ್ರಕಾರ ಉಳಿದವರು ಸುಮ್ಮನೆ ಹೊರಳಿಸುವವರು, ಅವನೊಬ್ಬನೇ ಬೇಕೆಂದು ಹೊಡೆಯುವವನು. ಅವನು ಯಾರೆಂದು ಇಬ್ಬರು ಹೆಣ್ಣುಮಕ್ಕಳಿಗೂ ಖಚಿತವಾಗಿ ಗೊತ್ತಿತ್ತು.

ಅಮ್ಮ ತೀರಿಕೊಂಡ ಮೂರನೆಯ ವಾರ, ಬಾಡಿಗೆ ಮನೆಯ ಬೀಗದ ಕೈ ಹಿಂದಿರುಗಿಸುವ ಮುನ್ನಾ ದಿನ, ಪಾಲು ನಡೆಯಿತು. ಬಟ್ಟೆ ಹೊಲಿಯುವ ಅಕ್ಕ ಕೊರಳಿಗೆ ಟೇಪು ಹಾಕಿಕೊಂಡೇ ಬಂದಿದ್ದಳು. ತಟ್ಟೆ ಮೂರು, ಮೂರು. ಕಿಟಕಿಯ ಪರದೆಯಲ್ಲಿ ಎಡದ್ದು ಅವಳಿಗೆ, ಬಲದ್ದು ಇವಳಿಗೆ. ಮೇಜಿನ ಬಟ್ಟೆಯನ್ನು ನಡುವೆ ಕತ್ತರಿಸಿ ಅಂಚು ಹೊಲಿದಿದ್ದಾಯಿತು. ಗಡಿಯಾರ ಅಕ್ಕನಿಗೆ, ಕನ್ನಡಿ ತಂಗಿಗೆ. ಹೊತ್ತು ಅವಳದು, ಮುಖ ಇವಳದು. ಗಾಜಿನ ತೊಟ್ಟಿಯೂ ಅದರ ಮರಳೂ ಅಕ್ಕನಿಗೆ ಹೋದವು, ಫಿಲ್ಟರು, ಬಲೆ, ನೀರು ಬೆಚ್ಚಗಿಡುವ ಕೊಳವೆ ತಂಗಿಗೆ. ಮೀನು ನಾಲ್ಕು, ನಾಲ್ಕು. ಉಳಿದದ್ದು ಕಣ್ಣು ಹೊಡೆಯುವವನು.

"ಉದ್ದಕ್ಕೆ ಕತ್ತರಿಸಿ ಅಂಚು ಹೊಲಿದುಬಿಡು, ಕೈ ಹೇಗೂ ಕೂತಿದೆ," ಎಂದರು ಭಾವ. ಯಾರೂ ನಗಲಿಲ್ಲ.

"ಅವನು ನನಗಿರಲಿ," ಎಂದಳು ತಂಗಿ. "ವಾರವಾರ ಬಂದು ನೀರು ಹೊತ್ತೋಳು ನಾನು."

"ಹೊತ್ತೆ, ಇಲ್ಲ ಅನ್ನಲ್ಲ. ಮೀನಿಗೆ ಹೊತ್ತೆ," ಎಂದಳು ಅಕ್ಕ, ಟೇಪು ಸುತ್ತುತ್ತ. "ಅಮ್ಮನ್ನ ಆಸ್ಪತ್ರೆ ಮೆಟ್ಟಿಲು ಹತ್ತಿಸೋವಾಗ ಯಾರು ಹೊತ್ತಿದ್ರು?"

ಒಂಬತ್ತನೆಯವನು ಅಕ್ಕನ ತೊಟ್ಟಿಯಲ್ಲೇ ಉಳಿದ. ತಂಗಿ ತನ್ನ ನಾಲ್ಕನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ಮೆಟ್ಟಿಲಿಳಿದವಳು ಹಿಂತಿರುಗಿ ನೋಡಲಿಲ್ಲ.

ಅವಳು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವಳು. ಚಕ್ರದ ಮೇಲೆ ಸಣ್ಣಗೆ ನೀರು ಹರಿಯುತ್ತಿರುತ್ತದೆ, ಗಾಜು ಅದರ ಕೆಳಗೆ ಗುಂಯ್ ಎನ್ನುತ್ತಿರುತ್ತದೆ. ಇಡೀ ದಿನ ಬೇರೆಯವರ ನಂಬರಿನಲ್ಲಿ ಲೋಕ ನೋಡಿ ಸಂಜೆ ಹೊರಗೆ ಬಂದರೆ ಬೀದಿಯ ಅಂಚೆಲ್ಲ ಬಾಗಿರುತ್ತಿತ್ತು. ದೀಪದ ಕಂಬಗಳು ಜೊಂಡಿನಂತೆ ಓಲಾಡುತ್ತಿದ್ದವು, ಜನ ಸದ್ದಿಲ್ಲದೆ ಬಾಯಿ ತೆರೆದು ಮುಚ್ಚುತ್ತಿದ್ದರು. ಮೊದಲೆಲ್ಲ ಅವಳಿಗೆ ಇದು ಹಿತವಾಗಿತ್ತು. ಈಗ ಮಾತ್ರ, ಯಾರೋ ಮೇಲಿನಿಂದ ತನ್ನನ್ನು ಎಣಿಸುತ್ತಿದ್ದಾರೆ, ಎಣಿಸಿದಾಗಲೆಲ್ಲ ಲೆಕ್ಕ ತಪ್ಪುತ್ತಿದೆ ಎನಿಸುತ್ತಿತ್ತು.

ಹೊಸ ತೊಟ್ಟಿಯನ್ನು ಅವಳು ತನ್ನ ಕೆಲಸದ ಅಚ್ಚುಕಟ್ಟಿನಲ್ಲೇ ಸಿದ್ಧಗೊಳಿಸಿದಳು. ತಳಕ್ಕೆ ಹೊಳೆಯುವ ನೀಲಿ ಗಾಜಿನ ಕಲ್ಲು ಹಾಸಿದಳು. ಅಮ್ಮನ ಫಿಲ್ಟರಿನೊಳಗಿನ ಸ್ಪಂಜು ಕಪ್ಪಗೆ, ಲೋಳೆಲೋಳೆಯಾಗಿತ್ತು. ಅದನ್ನು ನಲ್ಲಿಯ ಕೆಳಗೆ ಹಿಡಿದು, ಸೋಪು ಹಾಕಿ, ಬೆಳ್ಳಗಾಗುವವರೆಗೆ ತಿಕ್ಕಿದಳು. ಒಂದು ಬೆರಳಚ್ಚೂ ಉಳಿಯಬಾರದು ಎಂದು ಇಪ್ಪತ್ತು ವರ್ಷ ದುಡಿದ ಕೈ ಬೇರೇನು ಮಾಡೀತು?

ನೀರು ಕನ್ನಡಕದ ಗಾಜಿನಷ್ಟು ತಿಳಿಯಾಗಿತ್ತು. ಮಾವಂದಿರು ಅದರಲ್ಲಿ ಒಂದು ಮೂಲೆ ಹಿಡಿದು ಕೂತರು, ಬಾಗಿಲು ತಪ್ಪಿ ಬೇರೆಯವರ ಮನೆಗೆ ಬಂದ ನೆಂಟರ ಹಾಗೆ. ಓಡಲಿಲ್ಲ, ಹುಡುಕಲಿಲ್ಲ. ಮೂರನೆಯ ವಾರಕ್ಕೆ ಕಿವಿರುಗಳು ಬಿರುಸಾಗಿ ಬಡಿಯತೊಡಗಿದವು. ಅವಳು ಅಂಗಡಿಯ ಭೂತಗನ್ನಡಿ ತಂದು ಗಾಜಿಗೆ ಒತ್ತಿ ನೋಡಿದಳು. ಎಲ್ಲಕ್ಕಿಂತ ಸಣ್ಣವನ ಮೀಸೆ ಒಂದು ಬದಿಯಲ್ಲಿ ಸವೆದು ಬರೀ ಮೊಳಕೆಯಷ್ಟು ಉಳಿದಿತ್ತು.

ಊರಿಗೊಂದೇ ಬಣ್ಣದ ಮೀನಿನಂಗಡಿ. ನಡೆಸುತ್ತಿದ್ದ ಅಜ್ಜಿ ದಪ್ಪ ಕನ್ನಡಕ ಹಾಕಿಕೊಂಡು, ಸುತ್ತ ಗುಳುಗುಳು ಎನ್ನುವ ಐವತ್ತು ತೊಟ್ಟಿಗಳ ನಡುವೆ ಕೂತಿದ್ದರು. ತಂಗಿ ಫೋನಿನಲ್ಲಿ ತೆಗೆದ ಚಿತ್ರ ತೋರಿಸಿದಳು.

"ತಳಕ್ಕೆ ಏನು ಹಾಕಿದೀಯ?"

"ನೀಲಿ ಗಾಜಿನ ಕಲ್ಲು. ನೋಡೋಕೆ ಚೆನ್ನಾಗಿದೆ."

"ಚೆನ್ನಾಗೇ ಇರುತ್ತೆ. ಬೆಳಿಗ್ಗೆಯಿಂದ ಸಂಜೆವರೆಗೂ ನಿನ್ನ ಮೂತೀನ ಅದರ ಮೇಲೆ ಉಜ್ಜು, ನೀನೂ ಎಷ್ಟು ಚೆನ್ನಾಗಾಗ್ತೀಯ ನೋಡೋಣ. ಇವಕ್ಕೆ ನುಣ್ಣನೆ ಮರಳೇ ಬೇಕು. ಫಿಲ್ಟರು ಹಳೇದಾ?"

"ಹಳೇದೇ. ಸ್ಪಂಜು ಚೆನ್ನಾಗಿ ತೊಳೆದೆ. ಬೆಳ್ಳಗೆ."

ಅಜ್ಜಿ ಹಣೆ ಚಚ್ಚಿಕೊಂಡರು. "ಅಯ್ಯೋ ನನ್ನಮ್ಮಾ! ಅದು ಕೊಳೆ ಅಂದ್ಕೊಂಡ್ಯಾ? ಮೀನಿನ ಹೊಲಸು ತಿಂದು ನೀರು ಹಸನು ಮಾಡೋ ಕಣ್ಣಿಗೆ ಕಾಣದ ಜೀವಗಳು ಅದರಲ್ಲಿ ಸಂಸಾರ ಹೂಡಿರ್ತವೆ. ತೊಟ್ಟಿಯಿಂದ ತೆಗೆದ ನೀರಲ್ಲೇ ಒಂದ್ಸಲ ಹಿಂಡಿ ಮತ್ತೆ ಇಡೋದು, ಅಷ್ಟೇ. ನೀನು ಊರಿಗೆ ಊರೇ ಗುಡಿಸಿಬಿಟ್ಟೆ."

ಅಮ್ಮ ಹಳೇ ನೀರಿನ ಬಕೆಟ್ಟಿನಲ್ಲಿ ಕೈ ಅದ್ದಿಕೊಂಡು ಏನನ್ನೋ ಹಿಂಡುತ್ತಿದ್ದುದು ತಂಗಿಯ ಕಣ್ಣ ಮುಂದೆ ಬಂತು. ಹನ್ನೊಂದು ವರ್ಷ ಆ ಹೊತ್ತಿಗೆ ಸರಿಯಾಗಿ ಅವಳು ಖಾಲಿ ಬಕೆಟ್ ತೊಳೆಯಲು ಹೋಗುತ್ತಿದ್ದಳು.

"ಎಷ್ಟಿವೆ?" ಎಂದರು ಅಜ್ಜಿ.

"ನಾಲ್ಕು."

"ಉಳಿದವು?"

"ಉಳಿದವು ಅಂದ್ರೆ?"

"ನಾಲ್ಕೇ ಇದ್ರೆ ಇವು ಬಾಳಲ್ಲ. ಆರಾದ್ರೂ ಬೇಕು, ಜಾಸ್ತಿ ಇದ್ದಷ್ಟೂ ಧೈರ್ಯ. ಹೋದ ವಾರ ಕೊರಳಿಗೆ ಟೇಪು ಹಾಕ್ಕೊಂಡ ಒಬ್ಬಳು ಬಂದಿದ್ಲು, ಹೊಸ ಫಿಲ್ಟರು ಹಾಕಿದ ಮೇಲೆ ನೀರು ಕೆಟ್ಟಿದೆ ಅಂತ. ಉಳಿದವು ಎಲ್ಲಿ ಅಂದೆ. ಅವಳೂ ಹೀಗೇ ನಿನ್ನ ಥರ ಗೋಡೆ ನೋಡಿದ್ಲು."

ತಂಗಿ ಗೋಡೆಯಿಂದ ಕಣ್ಣು ಕಿತ್ತಳು. "ಹೊಸದು ನಾಲ್ಕು ಕೊಡಿ."

"ಕೊಡ್ತೀನಿ, ನಂಗೇನು. ಆ ನೀರಿಗೆ ಹಾಕು, ನಾಲ್ಕು ಸಾಯೋ ಕಡೆ ಎಂಟು ಸಾಯ್ತವೆ. ಅವಳ ತೊಟ್ಟೀಲಿ ಹಳೇ ಮರಳಿದೆ, ಬೇಗ ಸುಧಾರಿಸುತ್ತೆ. ನಿನ್ನ ಹೊಸ ತೊಟ್ಟಿ ಪಳಗೋಕೆ ಇನ್ನೂ ಒಂದು ತಿಂಗಳು. ಆ ಸಣ್ಣೋನಿಗೆ ಅಷ್ಟು ಪುರುಸೊತ್ತಿಲ್ಲ."

ಅಲ್ಲಿಗೆ ದಾರಿ ಒಂದೇ ಉಳಿಯಿತು, ಅದು ಅಕ್ಕನ ಮನೆಗೆ ಹೋಗುವ ದಾರಿ. ತಂಗಿ ನಾಲ್ಕು ದಿನ ಆ ದಾರಿಗೆ ಬೆನ್ನು ಹಾಕಿ ಕುಳಿತಳು. ಕೊಟ್ಟರೆ ಅಮ್ಮನದೆಂದು ಉಸಿರಾಡುವ ಯಾವುದೂ ಈ ಮನೆಯಲ್ಲಿ ಉಳಿಯುವುದಿಲ್ಲ. ತಟ್ಟೆಗೆ ಉಸಿರಿಲ್ಲ, ಅರ್ಧ ಪರದೆಗೆ ಉಸಿರಿಲ್ಲ. ಮೇಲಾಗಿ ಅಕ್ಕನ ಬಾಯಿ: ನಾಲ್ಕು ಮೀನು ಸಾಕೋಕಾಗಲಿಲ್ವಾ? ನೀಲಿ ಕಲ್ಲು ತೆಗೆದುಹಾಕಿದಳು. ದಿನಾ ಒಂದು ಬಕೆಟ್ ನೀರು ಮಲಗಿಸಿ, ಎಬ್ಬಿಸಿ, ಹುಯ್ದಳು. ಬೆಳಗಿನ ಜೋಂಪಿನಲ್ಲಿ ಮಂಚವೇ ತೊಟ್ಟಿಯ ತಳವಾಗುತ್ತಿತ್ತು. ಮೇಲೆ ಬಹಳ ದೂರದಲ್ಲಿ ಬೆಳ್ಳಗೆ ಬೆಳಕು, ಅದನ್ನು ಸೀಳಿಕೊಂಡು ಒಂದು ಬೆರಳು ಒಳಗೆ ಬರುತ್ತಿತ್ತು. ಎದ್ದಿದೆಯೇ ಎಂದು ನೋಡುವ ಬೆರಳು. ಅವಳು ಎದ್ದಿದ್ದೇನೆ ಎನ್ನಲು ಬಾಯಿ ತೆರೆದರೆ ಗುಳ್ಳೆಗಳಷ್ಟೇ ಹೊರಡುತ್ತಿದ್ದವು.

ಶನಿವಾರ ಬೆಳಿಗ್ಗೆ ಸಣ್ಣವನು ಒಂದು ಬದಿಗೆ ವಾಲಿ ಬಿದ್ದಿದ್ದ. ಗಾಳಿ ನುಂಗಲು ಅರ್ಧದವರೆಗೆ ಏರಿ, ಎಲೆ ಉದುರುವ ಹಾಗೆ ತೇಲುತ್ತ ಕೆಳಗೆ ಬಂದ. ತಂಗಿ ಬಲೆ ಕೈಗೆತ್ತಿಕೊಂಡಳು.

ಬಸ್ಸಿನಲ್ಲಿ ಬಕೆಟ್ ತೊಡೆಯ ಮೇಲಿತ್ತು. "ಏನಮ್ಮ ಒಳಗೆ? ಹಾವು ಗೀವು ಅಲ್ಲ ತಾನೇ?" ಎಂದ ಕಂಡಕ್ಟರು.

"ಮಾವಂದಿರು. ನಾಲ್ಕು ಜನ."

ಅವನು ಇಣುಕಿ ನೋಡಿದ. "ನಿಂತೇ ಬರ್ತಾರಾ, ಸೀಟು ಬೇಕಾ?"

ಅಕ್ಕ ಬಾಗಿಲು ತೆರೆದಳು. ಕೊರಳಲ್ಲಿ ಟೇಪು, ತುಟಿಗಳ ನಡುವೆ ಎರಡು ಗುಂಡುಪಿನ್ನು. ಮೊದಲು ಬಕೆಟ್ ನೋಡಿದಳು, ಆಮೇಲೆ ತಂಗಿಯ ಮುಖ. ಪಿನ್ನು ತೆಗೆದಳು.

"ನಾಲ್ಕೂ ಇದಾವಾ?"

"ಇದಾವೆ. ಒಬ್ಬನ ಮೀಸೆ ಹೋಗಿದೆ."

ಅಕ್ಕ ಪಕ್ಕಕ್ಕೆ ಸರಿದಳು. ಹೊಲಿಗೆ ಯಂತ್ರದ ಪಕ್ಕ, ಕಿಟಕಿಯ ಬೆಳಕಿನಲ್ಲಿ ಅಮ್ಮನ ತೊಟ್ಟಿ ಇತ್ತು. ತಂಗಿ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಫಿಲ್ಟರಿನ ಹಿಂದೆ ನಾಲ್ಕು.

"ಅವನೆಲ್ಲಿ?"

"ಹೋದ. ಎರಡನೇ ವಾರಾನೇ." ಅಕ್ಕ ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. "ಒಳ್ಳೇ ಫಿಲ್ಟರೇ ತಂದಿದ್ದೆ ಕಣೇ. ಸ್ಪಂಜು ಹೊಸದಾದ್ರೆ ನೀರು ವಿಷ ಆಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಹೂವಿನ ಕುಂಡದಲ್ಲಿ ಹೂತೆ. ನೀನು ಕೇಳಿದ್ರೆ ಏನು ಹೇಳ್ಲಿ ಅಂತ ಫೋನು ಕೂಡ ಎತ್ತಲಿಲ್ಲ."

"ನಾನೆಲ್ಲಿ ಫೋನು ಮಾಡಿದ್ದೆ?"

"ಮಾಡಲಿಲ್ಲ. ಅಷ್ಟರ ಮಟ್ಟಿಗೆ ಸುಲಭ ಆಯ್ತು."

ತಂಗಿಗೆ ನಗು ಬಂತು, ಅರ್ಧದಲ್ಲಿ ಅದು ಬೇರೇನೋ ಆಯಿತು. ಮೂಗೊರೆಸಿಕೊಂಡಳು. "ಅಮ್ಮನ ಹಳೇ ಸ್ಪಂಜು ನನ್ನ ಹತ್ರಾನೇ ಇತ್ತಲ್ಲ. ನಿನಗೆ ಕೊಟ್ಟಿದ್ರೆ ಅವನು ಉಳೀತಿದ್ದ."

"ಈಗ ಕೊಡು."

"ಸೋಪು ಹಾಕಿ ತೊಳೆದೆ."

ಅಕ್ಕನ ಬಾಯಿ ತೆರೆಯಿತು. ಬಯ್ಗುಳ ನಾಲಿಗೆಯ ತುದಿಯವರೆಗೆ ಬಂದದ್ದು ಕಾಣಿಸಿತು. ಅವಳು ತೊಟ್ಟಿಯ ಕಡೆ ನೋಡಿದಳು, ಬಾಯಿ ಮುಚ್ಚಿದಳು. "ನನ್ನದು ಈಗ ಕಪ್ಪಗಾಗಿದೆ," ಎಂದಳು. "ಮುಟ್ಟಿದ್ರೆ ಕೈ ಮುರೀತೀನಿ ಅಂದಿದಾರೆ ಅಜ್ಜಿ. ಬಾ, ಕೂತ್ಕೋ."

ಎರಡು ನೀರು ಒಂದನ್ನೊಂದು ಪರಿಚಯ ಮಾಡಿಕೊಳ್ಳಬೇಕು. ಇಬ್ಬರೂ ನೆಲದ ಮೇಲೆ ಬಕೆಟ್ಟಿನ ಆಚೆ ಈಚೆ ಕುಳಿತು, ತೊಟ್ಟಿಯಿಂದ ಒಂದು ಲೋಟ ಅವಳು, ಸ್ವಲ್ಪ ಹೊತ್ತು ಬಿಟ್ಟು ಒಂದು ಲೋಟ ಇವಳು, ಹುಯ್ಯುತ್ತ ಹೋದರು. ಒಂದು ಗಂಟೆ ಹಿಡಿಯಿತು. ಪಾಲಿಗೆ ಹೋದ ಗಡಿಯಾರ ಗೋಡೆಯ ಮೇಲೆ ಟಿಕಟಿಕ ಎನ್ನುತ್ತಿತ್ತು. ಗಾಜಿನಿಂದ ಹೊರಬಿದ್ದ ಬೆಳಕು ಚಾವಣಿಯ ಮೇಲೆ, ಕತ್ತರಿಸಿಟ್ಟ ಬಟ್ಟೆಗಳ ಮೇಲೆ, ಅಕ್ಕನ ನರೆಗೂದಲ ಮೇಲೆ ಅಲೆಯಾಡುತ್ತಿತ್ತು. ಒಮ್ಮೆ ಲೋಟ ಎತ್ತಿದ ಕೈ ಅಮ್ಮನದೇ ಎಂದು ತಂಗಿಗೆ ಅನಿಸಿತು. ನೋಡಿದರೆ ತನ್ನದೇ.

ಬಲೆಯಿಂದ ಜಾರಿದ ನಾಲ್ವರೂ ಮರಳಿಗೆ ಇಳಿದು ಬಿದ್ದುಕೊಂಡರು. ಅಕ್ಕತಂಗಿಯರು ಗಾಜಿನ ಹತ್ತಿರ ಬಗ್ಗಿದರು. ಫಿಲ್ಟರಿನ ಹಿಂದಿನಿಂದ ಒಬ್ಬ ಹೊರಗೆ ಬಂದ, ಆಮೇಲೆ ಇನ್ನೊಬ್ಬ. ಮೈಗೆ ಮೈ ತಾಗಿಸಿಕೊಂಡು ಹಾದುಹೋದರು. ಮೀಸೆ ಹೋದ ಸಣ್ಣವನು ಅಲುಗಿದ. ಮೆಲ್ಲಗೆ ಮೂತಿಯನ್ನು ಕಣ್ಣಿನವರೆಗೂ ಮರಳೊಳಗೆ ಹುದುಗಿಸಿದ. ಕಿವಿರಿನಿಂದ ಸಣ್ಣ ಹೊಗೆಯಂತೆ ಮರಳು ಹೊರಬಂತು. ಸ್ವಲ್ಪ ಹೊತ್ತಿಗೆ ಎಂಟೂ ಒಂದೇ ಸಾಲಾಗಿ, ಕಳೆದ ಉಂಗುರ ಹುಡುಕುತ್ತ ಹೊರಟವು.

"ನೋಡಿದ್ಯಾ, ಅವನು ಕಣ್ಣು ಹೊಡೆದ," ಎಂದಳು ತಂಗಿ.

"ಇವನೂ ಹೊಡೆದ."

ಸಾಲಿನಲ್ಲಿ ಮೂರನೆಯವನೂ ಹೊಡೆದ, ಆರನೆಯವನೂ. ಇಬ್ಬರೂ ಬಹಳ ಹೊತ್ತು ನೋಡಿದರು.

"ಅಕ್ಕಾ, ಸತ್ತೋನು ಅವನೇ ಅಂತ ಹೇಗೆ ಗೊತ್ತು?"

ಅಕ್ಕ ಯೋಚಿಸಿದಳು. "ಗೊತ್ತಿಲ್ಲ ಕಣೇ."

ಹೊರಡುವಾಗ ತಂಗಿ ಖಾಲಿ ಬಕೆಟ್ ಎತ್ತಿಕೊಂಡಳು. ಅದು ಬರುವಾಗಿನದಕ್ಕಿಂತ ಭಾರವಾಗಿತ್ತು. ಅಕ್ಕ ಬಾಗಿಲಲ್ಲಿ ನಿಂತು, ಬೀದಿಯ ಕಡೆ ನೋಡುತ್ತ, "ಶನಿವಾರ ಶನಿವಾರ ನೀರು ಯಾರು ಬದಲಾಯಿಸ್ತಾರೆ?" ಎಂದಳು.

"ನೀನೇ. ಟೇಪು ಹಿಡಿದು ಸರಿಯಾಗಿ ಕಾಲುಭಾಗ ಅಳೆದು."

"ನನ್ನ ಸೊಂಟ ಹಿಡ್ಕೊಂಡಿದೆ," ಎಂದಳು ಅಕ್ಕ. ಆಮೇಲೆ ಸಣ್ಣ ದನಿಯಲ್ಲಿ, "ಹೊತ್ತು ಅಭ್ಯಾಸ ಇರೋಳು ನೀನು."

ಮುಂದಿನ ಶನಿವಾರ ಅದೇ ಬಸ್ಸು, ಅದೇ ಕಂಡಕ್ಟರು. ಅವಳ ತೊಡೆಯ ಮೇಲೆ ಬಕೆಟ್ ಕಂಡು ಅವನು ಹಲ್ಲು ಕಿರಿದ. "ಇವತ್ತೂ ಮಾವಂದಿರಾ?"

"ಇಲ್ಲ. ನೀರು."

"ಬರೀ ನೀರಾ? ಯಾಕಮ್ಮ, ನೀವು ಹೋಗೋ ಕಡೆ ನಲ್ಲಿ ಇಲ್ವಾ?"

"ಇದೆ," ಎಂದಳು ಅವಳು.

ಅವನು ತಲೆ ಅಲ್ಲಾಡಿಸಿ ಮುಂದೆ ಹೋದ. ಕಿಟಕಿಯಾಚೆ ಬೀದಿ ಬಾಗುತ್ತ, ತೇಲುತ್ತ ಹಿಂದೆ ಸರಿಯುತ್ತಿತ್ತು. ತಂಗಿ ಮುಚ್ಚಳ ಸ್ವಲ್ಪ ಸರಿಸಿ ಬೆರಳು ಅದ್ದಿದಳು. ಎದ್ದಿತ್ತು. ತಿರುವಿನಲ್ಲಿ ಬಸ್ಸು ವಾಲಿದಾಗ ಹನಿಯೂ ಚೆಲ್ಲದಂತೆ ಅವಳೂ ಅದರ ಜೊತೆ ವಾಲಿದಳು.