ಮೂರನೇ ಗುಂಡಿ

ಪರದೆಯ ಮೇಲೆ ಮತ್ತೆ ಅದೇ ಮಸುಕು, ಎರಡು ಗೆಲಾಕ್ಸಿಗಳು ತಲೆಗೆ ತಲೆ ಹಚ್ಚಿ ಗುಟ್ಟು ಹೇಳಿಕೊಳ್ಳುವಂತೆ, ನಿಜಕ್ಕೂ ಸೇರುತ್ತಿವೆಯೋ, ಒಂದರ ಹಿಂದೆ ಬಹುದೂರದಲ್ಲಿ ಇನ್ನೊಂದು ಸುಮ್ಮನೆ ನಿಂತಿದೆಯೋ ಯಾವ ಕಣ್ಣಿಗೂ ಹೇಳಲಾಗದು, ಆದರೆ ನಮ್ಮ ಯಂತ್ರ ಹೇಳುತ್ತದೆ, ಸೇರುತ್ತಿವೆ, ನೂರಕ್ಕೆ ತೊಂಬತ್ತೊಂಬತ್ತು ಪಾಲು ಖಚಿತ — ಮೇಡಂ, ಇದಕ್ಕೆ ಅನುಮಾನ ಅನ್ನೋದೇ ಬರಲ್ವಲ್ಲ, ಪಕ್ಕದ ಕುರ್ಚಿಯ ಹೊಸ ಹುಡುಗಿ ನಗುತ್ತಾಳೆ, ಯಾರು ಕಲಿಸಿದ್ದು ಇದಕ್ಕೆ? ನಮ್ಮಪ್ಪ, ಅವಳಿಗೆ ಹೇಳಿಲ್ಲ, ನೂಲಿನಂತೆ ಸೀರೆ, ಅಪ್ಪನಂತೆ ಯಂತ್ರ. ಆಪರೇಷನ್ ಆಗಿ ಮನೆಯಲ್ಲೇ ಕೂತಿದ್ದ ಗಣಿತದ ಮೇಷ್ಟರಿಗೆ ಹೊತ್ತು ಹೋಗಲೆಂದು ಲ್ಯಾಪ್‌ಟಾಪ್ ಕೊಟ್ಟವಳು ನಾನೇ, ಚಿತ್ರ ನೋಡು, ಗುಂಡಿ ಒತ್ತು, ನೀನು ಒತ್ತಿದ್ದನ್ನ ನೋಡಿ ನೋಡಿ ಯಂತ್ರ ಕಲಿಯುತ್ತೆ — ಹಸಿರು ಒತ್ತಿದರೆ ಸೇರುತ್ತಿವೆ, ಕೆಂಪು ಒತ್ತಿದರೆ ಬೇರೆಬೇರೆ, ಬೂದು ಒತ್ತಿದರೆ ಗೊತ್ತಿಲ್ಲ. ಆ ಮೂರನೇದು ಯಾಕೇ ಇಟ್ಟಿದೀಯ, ಉತ್ತರಪತ್ರಿಕೇಲಿ ಜಾಗ ಖಾಲಿ ಬಿಡೋ ಸೋಮಾರಿಗಳಿಗಾ? ಅಪ್ಪನ ತರಗತಿಯಲ್ಲಿ ಗೊತ್ತಿಲ್ಲ ಅನ್ನುವ ಹಾಗಿರಲಿಲ್ಲ, ಮನೆಯಲ್ಲೂ, ತಪ್ಪಾದ್ರೂ ಪರವಾಗಿಲ್ಲ, ಕಡ್ಡಿ ಮುರಿದ ಹಾಗೆ ಹೇಳು, ನಾನೂ ಹೇಳುತ್ತಿದ್ದೆ, ಪರೀಕ್ಷೆಯಲ್ಲಿ, ಸಂದರ್ಶನದಲ್ಲಿ, ಹಾಗೆ ಹೇಳಿಹೇಳಿಯೇ ಈ ಕುರ್ಚಿಗೆ ಬಂದೆ. ಅಪ್ಪನ ಬೆರಳು ಬೂದು ಗುಂಡಿಯ ಮೇಲೆ ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ಹಸಿರಿಗೆ ಸರಿಯುತ್ತದೆ, ಪಾಪ, ಇಷ್ಟು ಹತ್ತಿರ ಬಂದಿವೆ, ಸೇರ್ತವೆ ಬಿಡು.

ಒಬ್ಬನೇ ತಮ್ಮನ ಜೊತೆ ಮಾತು ಬಿಟ್ಟವನ ಬಾಯಲ್ಲಿ ಆ ಮಾತು, ನನಗೆ ಅರ್ಥವಾಗಿತ್ತು, ಆದರೆ ಕೆಲಸವಿತ್ತು, ಯಾವಾಗಲೂ ಕೆಲಸವಿತ್ತು. ಒಂದು ಮಧ್ಯಾಹ್ನ ಪರದೆಯಿಂದ ಕಣ್ಣೆತ್ತದೆ ಕೇಳಿದ, ನಾನು ಹುಷಾರಾಗ್ತೀನೇನೇ, ಇಲ್ಲಾಂದ್ರೆ ಈಗ್ಲೇ ನಿನ್ನ ಚಿಕ್ಕಪ್ಪನ್ನ ಕರೆಸ್ಬಿಡು, ಒಂದ್ಸಲ ಮಾತಾಡ್ಬೇಕು — ಡಾಕ್ಟರು ಬೆಳಿಗ್ಗೆಯಷ್ಟೇ ನನಗೆ ಹೇಳಿದ್ದರು, ಈಗ್ಲೇ ಏನೂ ಹೇಳಕ್ಕಾಗಲ್ಲಮ್ಮ, ಆದರೆ ನಾನು ಅಪ್ಪನ ಮಗಳಲ್ಲವೇ, ಖಂಡಿತ ಹುಷಾರಾಗ್ತೀಯಪ್ಪ, ಓಡಾಡೋ ಹಾಗಾದ್ಮೇಲೆ ನೀನೇ ಹೋಗಿ ಮಾತಾಡ್ಕೊಂಡು ಬಾ, ಅಂದುಬಿಟ್ಟೆ, ಅಪ್ಪ ನಂಬಿದ. ಚಿಕ್ಕಪ್ಪ ಬಂದಾಗ ಮಾತಾಡಲು ಅಪ್ಪನಿರಲಿಲ್ಲ, ಬ್ಯಾಗು ಕೆಳಗಿಡದೆ ಬಾಗಿಲಲ್ಲೇ ನಿಂತು, ಒಂದು ಮಾತು ಹೇಳಿಕಳಿಸಿದ್ರೆ ಓಡಿ ಬರ್ತಿದ್ನಲ್ಲೇ, ಅಂದರು, ಬೈದಿದ್ದರೂ ಚೆನ್ನಾಗಿತ್ತು. ಗೊತ್ತಿಲ್ಲಪ್ಪ, ಯಾವುದಕ್ಕೂ ಕರೆಸಿಬಿಡೋಣ — ಅಷ್ಟಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು. ಮೇಡಂ, ಪಕ್ಕದ ಹುಡುಗಿ ಮತ್ತೆ ಅನ್ನುತ್ತಾಳೆ, ಮೊದಮೊದಲು ಗುಂಡಿ ಒತ್ತಿದವರ ಉತ್ತರ ಪೂರ್ತಿ ತೆಗೆದು ಹೊಸದಾಗಿ ಕಲಿಸ್ಬೇಕು, ಇಲ್ದಿದ್ರೆ ಇದು ಹೀಗೇ ಸುಳ್ಳು ಧೈರ್ಯ ಹೇಳ್ತಾನೇ ಇರುತ್ತೆ, ತೆಗೀಲಾ? ಖಂಡಿತ, ನಾಲಿಗೆಯ ತುದಿಗೇ ಬಂದಿದೆ, ಖಂಡಿತ, ತೆಗಿ, ಆದರೆ ಅಪ್ಪನ ಕಣ್ಣು ಅಂತ ಉಳಿದಿರುವುದು ಇದೊಂದೇ, ಅವನ ಹಟ, ಅವನ ಪಾಪ-ಸೇರ್ತವೆ-ಬಿಡು — ಹೇಳಿ ಮೇಡಂ, ತೆಗೀಲಾ, ಬಿಡ್ಲಾ — ಬೂದು ಗುಂಡಿ, ಅದರ ಮೇಲೆ ಅಪ್ಪನ ಬೆರಳು, ಒತ್ತದೆ, ಸರಿಯದೆ —